ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧಿಪತಿ: ಪೀಠದಿಂದ ಹಿಂದೆ ಸರಿಯುವ ಪ್ರಶ್ನೆಯ ಒಂದು ವಿಮರ್ಶೆ

ನ್ಯಾಯಮೂರ್ತಿಯೊಬ್ಬರು ತಮ್ಮ ಮುಂದೆ ಬಂದ ಮೊಕದ್ದಮೆಯನ್ನು ಕೇಳಲೊಲ್ಲದೆ ಬೇರೊಂದು ಪೀಠಕ್ಕೆ ಬಿಟ್ಟುಕೊಡುವುದಕ್ಕೆ ಕನ್ನಡದಲ್ಲಿ ನೆಲೆನಿಂತ ಪಾರಿಭಾಷಿಕ ಶಬ್ದವಿಲ್ಲ. ಪತ್ರಿಕೆಗಳು ‘ವಿಚಾರಣೆಯಿಂದ ಹಿಂದೆ ಸರಿದರು’ ಎಂದು ಬರೆಯುತ್ತವೆ. ವಕೀಲರ ನಡುವೆ ‘ರಿಕ್ಯೂಸಲ್’ ಎಂಬ ಇಂಗ್ಲಿಷ್ ಮಾತೇ ಓಡಾಡುತ್ತದೆ. ‘ಹಿಂದೆ ಸರಿ’ ಎಂಬ ನಮ್ಮ ಕ್ರಿಯಾಪದಕ್ಕೆ ಅಂಟಿಕೊಂಡಿರುವ ಧ್ವನಿಯನ್ನು ಗಮನಿಸಬೇಕು. ಯುದ್ಧದಲ್ಲಿ ಹಿಂದೆ ಸರಿದವನು ಅಳುಕಿದವನು. ಕೊಟ್ಟ ಮಾತಿನಿಂದ ಹಿಂದೆ ಸರಿದವನು ನೆಚ್ಚತಕ್ಕವನಲ್ಲ. ಕರ್ತವ್ಯವೆಂದು ಮಾಡಬೇಕಾದ ಕೆಲಸವೊಂದಕ್ಕೆ ನಾವು ಇಟ್ಟಿರುವ ಹೆಸರೇ ಹೇಡಿತನದ ಛಾಯೆಯುಳ್ಳದ್ದಾಗಿದೆ. ಈ ಛಾಯೆ ಭಾಷೆಯಲ್ಲಿ ಮಾತ್ರವಲ್ಲದೆ ನಮ್ಮ ಸರ್ವೋಚ್ಚ ನ್ಯಾಯಾಲಯದ ಕೆಲವು ನಿರ್ಣಯಗಳಲ್ಲಿಯೂ ಅಡಗಿದೆಯೆಂಬುದನ್ನು ಮುಂದೆ ತೋರಿಸಬೇಕೆಂದಿದ್ದೇನೆ.

ಆದರೆ ಅದು ಈ ಲೇಖನದ ಚಿಕ್ಕ ವಾದ. ದೊಡ್ಡ ವಾದವನ್ನು ಮೊದಲೇ ಹೇಳಿಬಿಡುವುದು ಲೇಸು. ಪಕ್ಷಪಾತದ ಶಂಕೆಯನ್ನು ಅಳೆಯುವುದಕ್ಕೆ ಸರ್ವೋಚ್ಚ ನ್ಯಾಯಾಲಯವು ಇತರರಿಗಾಗಿ, ಎಂದರೆ ನ್ಯಾಯಮಂಡಳಿಗಳಿಗೆ, ಆಯ್ಕೆ ಸಮಿತಿಗಳಿಗೆ, ಸೈನಿಕ ನ್ಯಾಯಾಲಯಗಳಿಗೆ, ಬಹು ಚೆನ್ನಾದ ಅಳತೆಗೋಲೊಂದನ್ನು ರೂಪಿಸಿಕೊಟ್ಟಿದೆ. ಪ್ರಶ್ನೆಯು ತನ್ನ ಪೀಠದ ಬಳಿಗೇ ಬಂದಾಗ ಮಾತ್ರ ಆ ಅಳತೆಗೋಲನ್ನು ಬದಿಗಿಟ್ಟು, ಅಂತಃಸಾಕ್ಷಿಯೆಂಬ ಹಳೆಯ ತಕ್ಕಡಿಯನ್ನೇ ಕೈಗೆತ್ತಿಕೊಳ್ಳುತ್ತದೆ. ಈ ಎರಡರ ನಡುವಣ ಅಂತರವೇ ಇಲ್ಲಿಯ ವಿಮರ್ಶೆಯ ವಿಷಯ.

ನಮ್ಮ ನಾಡಿನ ಧರ್ಮಶಾಸ್ತ್ರ ಪರಂಪರೆಗೆ ಈ ವಿಚಾರ ಅಪರಿಚಿತವಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರ’ವೆಂಬ ವ್ಯಾಖ್ಯಾನವನ್ನು ಬರೆದುದು ಯಾಜ್ಞವಲ್ಕ್ಯ ಸ್ಮೃತಿಗೆ. ಆ ಸ್ಮೃತಿಯ ವ್ಯವಹಾರಾಧ್ಯಾಯವು ಸಭಾಸದರಾಗತಕ್ಕವರು ಶತ್ರುವಿನಲ್ಲಿಯೂ ಮಿತ್ರನಲ್ಲಿಯೂ ಸಮಬುದ್ಧಿಯುಳ್ಳವರಾಗಿರಬೇಕೆಂದು ವಿಧಿಸುತ್ತದೆ. ರಾಗದಿಂದಲೋ ಲೋಭದಿಂದಲೋ ಭಯದಿಂದಲೋ ಧರ್ಮವನ್ನು ಮೀರಿ ತೀರ್ಪಿತ್ತ ಸಭ್ಯರು ಒಬ್ಬೊಬ್ಬರೂ ಬೇರೆಬೇರೆಯಾಗಿ ವ್ಯಾಜ್ಯದ ಮೊತ್ತದ ಎರಡರಷ್ಟು ದಂಡವನ್ನು ತೆರಬೇಕೆಂದೂ ಹೇಳುತ್ತದೆ. ಅಧಿಕಾರ ಸ್ವೀಕರಿಸುವಾಗ ನ್ಯಾಯಮೂರ್ತಿಗಳು ಮಾಡುವ ಪ್ರಮಾಣವಚನದಲ್ಲಿಯೂ, ಸಂವಿಧಾನದ ಮೂರನೆಯ ಅನುಸೂಚಿಯಂತೆ, ಭಯ ಪಕ್ಷಪಾತ ರಾಗ ದ್ವೇಷಗಳನ್ನು ದೂರವಿಡುವ ಮಾತು ಇದೆಯೆಂಬುದನ್ನು ವಾಚಕರು ಬಲ್ಲರು. ಶತಮಾನಗಳ ಅಂತರವಿದ್ದರೂ ಎರಡು ಪಟ್ಟಿಗಳೂ ಹತ್ತಿರದ ನೆಂಟರಂತೆ ಕಾಣುತ್ತವೆ. ಆದರೆ ಒಂದು ಮುಖ್ಯವಾದ ಸಂಗತಿಯಿದೆ. ಸ್ಮೃತಿಯ ಈ ವಚನಗಳ ದೃಷ್ಟಿಯೆಲ್ಲ ಸಭ್ಯನ ಮನಸ್ಸಿನ ಮೇಲೆ, ಮತ್ತು ಅವನು ಮಾಡಿಮುಗಿಸಿದ ಅನ್ಯಾಯದ ಮೇಲೆ. ಅವನು ಯಾವ ಅನ್ಯಾಯವನ್ನೂ ಮಾಡದಿದ್ದರೂ, ಮಾಡುವ ಉದ್ದೇಶವೇ ಇಲ್ಲದಿದ್ದರೂ, ಎದುರಿಗೆ ನಿಂತ ಬಡಪಾಯಿಗೆ ಇವನಿಂದ ನ್ಯಾಯ ದೊರಕೀತೆಂಬ ಭರವಸೆ ಹುಟ್ಟದಿದ್ದರೆ ಏನು ಮಾಡಬೇಕು? ಈ ಪ್ರಶ್ನೆಗೆ ಆಧುನಿಕ ನ್ಯಾಯಶಾಸ್ತ್ರ ಉತ್ತರ ಕೊಡಲು ತೊಡಗಿದಾಗಲೇ ನಮ್ಮ ವಿಷಯ ಆರಂಭವಾಗುತ್ತದೆ.

ಆ ಉತ್ತರದ ಮೊದಲ ಮೆಟ್ಟಿಲು ಇಂಗ್ಲೆಂಡಿನ ಒಂದು ಕಾಲುವೆಯ ವ್ಯಾಜ್ಯ. ಡೈಮ್ಸ್ ಎಂಬ ಜಮೀನುದಾರನಿಗೂ ಗ್ರ್ಯಾಂಡ್ ಜಂಕ್ಷನ್ ಕಾಲುವೆಯ ಕಂಪನಿಗೂ ಬಹುಕಾಲ ನಡೆದ ವ್ಯಾಜ್ಯದಲ್ಲಿ ಲಾರ್ಡ್ ಚಾನ್ಸಲರ್ ಆಗಿದ್ದ ಕಾಟನ್‌ಹ್ಯಾಮ್ ಕಂಪನಿಯ ಪರವಾಗಿ ಡಿಕ್ರಿಯನ್ನು ಎತ್ತಿಹಿಡಿದಿದ್ದ. ಆ ಕಂಪನಿಯಲ್ಲಿ ಅವನಿಗೆ ಷೇರುಗಳಿದ್ದುವೆಂಬುದು ಆಮೇಲೆ ತಿಳಿಯಿತು. 1852ರಲ್ಲಿ ಲಾರ್ಡ್‌ಗಳ ಸಭೆಯು ಅವನ ಡಿಕ್ರಿಯನ್ನು ರದ್ದುಪಡಿಸಿತು. ಷೇರಿನ ಆಸೆಗೆ ಕಾಟನ್‌ಹ್ಯಾಮ್ ಸೋತನೆಂದು ಯಾರೂ ಹೇಳಲಿಲ್ಲ; ಹಾಗೆ ಯಾರೂ ಕಲ್ಪಿಸಲಾರರೆಂದೇ ಲಾರ್ಡ್ ಕ್ಯಾಂಬೆಲ್ ತೀರ್ಪಿನಲ್ಲಿ ಸ್ಪಷ್ಟಪಡಿಸಿದ. ಆ ವೇಳೆಗೆ ಕಾಟನ್‌ಹ್ಯಾಮ್ ತೀರಿಕೊಂಡೂ ಇದ್ದ. ಅದಕ್ಕಿಂತ ವಿಶೇಷವೆಂದರೆ, ಗುಣಾವಗುಣಗಳನ್ನು ಮತ್ತೆ ಪರಿಶೀಲಿಸಿದ ಸಭೆ ಕೆಳಗಿನ ನ್ಯಾಯಾಧೀಶನ ಡಿಕ್ರಿ ಸರಿಯೆಂದೇ ಕಂಡುಕೊಂಡಿತು. ಅಂದರೆ ತೀರ್ಪು ಸರಿ, ತೀರ್ಪಿತ್ತವನೂ ಪ್ರಾಮಾಣಿಕ; ಆದರೂ ಆ ತೀರ್ಪು ನಿಲ್ಲಲಿಲ್ಲ. ತೀರ್ಪಿನ ಸರಿತಪ್ಪುಗಳಿಂದ ತೀರ್ಪುಗಾರನ ಅರ್ಹತೆಯ ಪ್ರಶ್ನೆಯನ್ನು ಇಷ್ಟು ನಿಷ್ಠುರವಾಗಿ ಬೇರ್ಪಡಿಸಿದ ಉದಾಹರಣೆ ಅದಕ್ಕೆ ಮುಂಚೆ ವಿರಳ.

ಹಣದ ಹಿತಾಸಕ್ತಿಯಿಂದ ಸಂಬಂಧದ ಛಾಯೆಯ ಕಡೆಗೆ ಮುಂದಿನ ಹೆಜ್ಜೆ ಬಿದ್ದುದು 1923ರ ಸಸೆಕ್ಸ್ ಮೊಕದ್ದಮೆಯಲ್ಲಿ. ಮೋಟಾರ್ ಸೈಕಲ್ಲಿನ ಅಪಘಾತವೊಂದರಲ್ಲಿ ಆರೋಪಿಯಾದವನ ವಿಚಾರಣೆಯನ್ನು ನಡೆಸಿದ ಮ್ಯಾಜಿಸ್ಟ್ರೇಟರ ಗುಮಾಸ್ತನು, ಅದೇ ಅಪಘಾತದ ಪರಿಹಾರಕ್ಕಾಗಿ ಎದುರು ಕಕ್ಷಿಯ ಪರ ನಿಂತಿದ್ದ ವಕೀಲರ ಸಂಸ್ಥೆಗೆ ಸೇರಿದವನಾಗಿದ್ದ. ಮ್ಯಾಜಿಸ್ಟ್ರೇಟರು ಒಳಕೋಣೆಗೆ ಹೋದಾಗ ಅವನೂ ಅವರೊಡನೆ ಹೋದ. ಅವರು ಅವನನ್ನು ಒಂದು ಮಾತೂ ಕೇಳಲಿಲ್ಲ, ಅವನು ಒಂದು ಮಾತೂ ಆಡಲಿಲ್ಲ. ಅಷ್ಟಾದರೂ ಶಿಕ್ಷೆ ರದ್ದಾಯಿತು. ನ್ಯಾಯ ನಡೆದರೆ ಸಾಲದು, ನಡೆದದ್ದು ಕಣ್ಣಿಗೆ ಕಾಣಬೇಕು ಎಂಬ ಅರ್ಥದಲ್ಲಿ ಲಾರ್ಡ್ ಹೆವರ್ಟ್ ಆಡಿದ ಮಾತು ಈಗ ಎಲ್ಲರ ಬಾಯಲ್ಲಿದೆ. ಅದರ ಹಿಂದೆ ಬಾಯಿಬಿಡದ ಗುಮಾಸ್ತನೊಬ್ಬ ನಿಂತಿರುವುದನ್ನು ಮಾತ್ರ ಉದ್ಧರಿಸುವವರಲ್ಲಿ ಅನೇಕರು ಮರೆತಿರುತ್ತಾರೆ.

ಭಾರತದ ಸರ್ವೋಚ್ಚ ನ್ಯಾಯಾಲಯ ಈ ದಾರಿಯನ್ನು ಬಹುಬೇಗ ಹಿಡಿಯಿತು. 1957ರ ಮಾಣಕ್ ಲಾಲ್ ಮೊಕದ್ದಮೆಯಲ್ಲಿ ರಾಜಸ್ಥಾನದ ವಕೀಲರೊಬ್ಬರ ವೃತ್ತಿದೋಷವನ್ನು ವಿಚಾರಿಸಿದ ನ್ಯಾಯಮಂಡಳಿಯ ಅಧ್ಯಕ್ಷರು ಹಿಂದೊಮ್ಮೆ ದೂರುದಾರರ ಪರವಾಗಿ ಸಂಬಂಧಪಟ್ಟ ವ್ಯವಹಾರದಲ್ಲಿ ವಕಾಲತ್ತು ಹಾಕಿದ್ದರು. ಅದು ಅವರ ನೆನಪಿನಲ್ಲಿಯೇ ಇರಲಿಲ್ಲವೆಂದು ಇಟ್ಟುಕೊಂಡರೂ ಅವರು ಆ ಪೀಠದಲ್ಲಿ ಕೂರಬಾರದಾಗಿತ್ತೆಂದು ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದರು. ನಿಜವಾಗಿ ಪಕ್ಷಪಾತ ನಡೆಯಿತೆಂದು ಸಾಧಿಸಬೇಕಾಗಿಲ್ಲ. ಕಕ್ಷಿಗಾರನಿಗೆ ಯುಕ್ತವಾದ ಶಂಕೆ ಹುಟ್ಟಬಹುದಾಗಿದ್ದರೆ ಸಾಕು. ಇಷ್ಟು ಹೇಳಿದ ಮೇಲೆಯೂ ಮಾಣಕ್ ಲಾಲರ ಆಕ್ಷೇಪಣೆ ಫಲಿಸಲಿಲ್ಲ. ಮಂಡಳಿಯ ಮುಂದೆಯೇ ಅದನ್ನು ಎತ್ತದೆ, ಫಲಿತಾಂಶ ಪ್ರತಿಕೂಲವಾದ ಮೇಲೆ ಉಚ್ಚ ನ್ಯಾಯಾಲಯದಲ್ಲಿ ಎತ್ತಿದ್ದರಿಂದ ಅವರು ತಮ್ಮ ಹಕ್ಕನ್ನು ಬಿಟ್ಟುಕೊಟ್ಟಂತಾಯಿತೆಂದು ನಿರ್ಣಯವಾಯಿತು. ಈ ಎರಡನೆಯ ಭಾಗವನ್ನು ಗುರುತುಹಾಕಿಕೊಂಡಿರಬೇಕೆಂದು ಕೋರುತ್ತೇನೆ. ಅದಕ್ಕೆ ಮರಳಿ ಬರುತ್ತೇವೆ.

ಮುಂದಿನ ಎರಡು ಘಟ್ಟಗಳನ್ನು ಕಟ್ಟಿದವರು ಕನ್ನಡ ನಾಡಿನವರೆಂಬುದು ನಮ್ಮ ವಿದ್ಯಾರ್ಥಿಗಳಿಗೆ ಅಭಿಮಾನದ ಸಂಗತಿಯಾಗಬೇಕು. 1969ರ ಕ್ರೈಪಾಕ್ ಮೊಕದ್ದಮೆಯ ತೀರ್ಪನ್ನು ಬರೆದವರು ದಕ್ಷಿಣ ಕನ್ನಡದ ಕೌಡೂರು ಸದಾನಂದ ಹೆಗ್ಡೆಯವರು. ಭಾರತೀಯ ಅರಣ್ಯ ಸೇವೆಗೆ ಜಮ್ಮು ಕಾಶ್ಮೀರದಿಂದ ಅಧಿಕಾರಿಗಳನ್ನು ಆರಿಸಿದ ಮಂಡಳಿಯಲ್ಲಿ ಅಲ್ಲಿಯ ಪ್ರಭಾರ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಯೂ ಸದಸ್ಯರು. ಅದೇ ಆಯ್ಕೆಗೆ ಅವರು ಅಭ್ಯರ್ಥಿಯೂ ಹೌದು. ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಪಾಲುಗೊಳ್ಳಲಿಲ್ಲ. ಆದರೆ ತಮ್ಮ ಪ್ರತಿಸ್ಪರ್ಧಿಗಳ ಹೆಸರು ಬಂದಾಗ, ಯೋಗ್ಯತಾನುಕ್ರಮದ ಪಟ್ಟಿಯನ್ನು ಸಿದ್ಧಪಡಿಸಿದಾಗ, ಕುಳಿತೇ ಇದ್ದರು. ಪಟ್ಟಿಯ ತಲೆಯಲ್ಲಿ ಅವರ ಹೆಸರೇ ಬಂದಿತು. ಇದನ್ನು ತಪ್ಪಿಸಲು ಆಯ್ಕೆಯ ಕೆಲಸ ಆಡಳಿತಕ್ಕೆ ಸೇರಿದ್ದು, ನ್ಯಾಯನಿರ್ಣಯಕ್ಕೆ ಸೇರಿದ್ದಲ್ಲ ಎಂಬ ವಾದ ಬಂದಾಗ ಹೆಗ್ಡೆಯವರು ಆ ಗೋಡೆಯನ್ನೇ ಕೆಡವಿದರು. ಆಡಳಿತಗಾರನ ಕೈಯಲ್ಲಿಯೂ ಮನುಷ್ಯರ ಹಕ್ಕುಬಾಧ್ಯತೆಗಳಿರುವಾಗ ಸಹಜ ನ್ಯಾಯದ ನಿಯಮ ಅವನನ್ನೂ ಕಟ್ಟಿಹಾಕುತ್ತದೆಂದು ಹೇಳಿ, ಮನುಷ್ಯ ಸ್ವಭಾವದ ಸಾಮಾನ್ಯ ಗತಿಯನ್ನೇ ಒರೆಗಲ್ಲಾಗಿ ಇಟ್ಟರು. ತನ್ನ ಹೆಸರಿನ ಹೊತ್ತಿಗೆ ಎದ್ದು ಹೋಗಿ ಎದುರಾಳಿಯ ಹೆಸರಿನ ಹೊತ್ತಿಗೆ ಬಂದು ಕುಳಿತುಕೊಳ್ಳುವುದು ಹಿಂದೆ ಸರಿದಂತಲ್ಲ. ಬಾಗಿಲಿನ ಮರೆಯಲ್ಲಿ ನಿಂತಂತೆ, ಅಷ್ಟೇ.

ಎರಡನೆಯದು ರಂಜಿತ್ ಠಾಕೂರ್ ಮೊಕದ್ದಮೆ. 1987ರಲ್ಲಿ ಅದರ ತೀರ್ಪನ್ನು ಬರೆದವರು ಬೆಂಗಳೂರಿನ ಎಂ. ಎನ್. ವೆಂಕಟಾಚಲಯ್ಯನವರು. ಈ ತೀರ್ಪಿನ ಬಳಿ ತುಸು ಹೆಚ್ಚು ಹೊತ್ತು ನಿಲ್ಲಬೇಕು. ಸೈನ್ಯದ ಸಿಗ್ನಲ್ ವಿಭಾಗದ ಸಾಮಾನ್ಯ ಸೈನಿಕನೊಬ್ಬ ತನ್ನ ಮೇಲಧಿಕಾರಿ ಹಿಂಸಿಸುತ್ತಿದ್ದಾನೆಂದು ನೇರವಾಗಿ ಉನ್ನತಾಧಿಕಾರಿಗಳಿಗೆ ಬರೆದ. ಕ್ರಮ ತಪ್ಪಿ ಬರೆದನೆಂದು ಅವನಿಗೆ 28 ದಿನಗಳ ಕಠಿಣ ಶಿಕ್ಷೆಯಾಯಿತು. ಆ ಶಿಕ್ಷೆಯನ್ನು ಅನುಭವಿಸುತ್ತಿದ್ದಾಗ 1985ರ ಮೇ 29ರಂದು ಊಟಮಾಡೆಂಬ ಆಜ್ಞೆಯನ್ನು ಅವನು ಪಾಲಿಸಲಿಲ್ಲವೆಂದು ಹೊಸ ಆಪಾದನೆ ಹೊರಿಸಲಾಯಿತು. ಮರುದಿನವೇ ಸಂಕ್ಷಿಪ್ತ ಸೈನಿಕ ನ್ಯಾಯಾಲಯ ಕುಳಿತು ಅವನಿಗೆ ಒಂದು ವರ್ಷದ ಕಠಿಣ ಸಜೆಯನ್ನು ವಿಧಿಸಿತು, ನೌಕರಿಯೂ ಹೋಯಿತು. ಆ ನ್ಯಾಯಾಲಯದಲ್ಲಿ ಕುಳಿತವರಲ್ಲಿ ಅವನು ಯಾರ ಮೇಲೆ ದೂರು ಬರೆದಿದ್ದನೋ ಆ ಅಧಿಕಾರಿಯೂ ಒಬ್ಬ. ಊಟ ಬಿಟ್ಟ ಸೈನಿಕನ ಈ ಕತೆಯಿಂದ ವೆಂಕಟಾಚಲಯ್ಯನವರು ತೆಗೆದ ಸೂತ್ರ ನಮ್ಮ ನ್ಯಾಯಶಾಸ್ತ್ರಕ್ಕೆ ಅವರ ದೊಡ್ಡ ಕೊಡುಗೆಗಳಲ್ಲಿ ಒಂದೆಂದು ನನ್ನ ಭಾವನೆ. ನ್ಯಾಯಾಧೀಶನು ತನ್ನ ಮನಸ್ಸನ್ನೇ ನೋಡಿಕೊಂಡು, ಎಷ್ಟೇ ಪ್ರಾಮಾಣಿಕವಾಗಿಯಾದರೂ, ‘ನನ್ನಲ್ಲಿ ಪಕ್ಷಪಾತವಿದೆಯೇ?’ ಎಂದು ಕೇಳಿಕೊಳ್ಳುವುದು ಸರಿಯಾದ ಮಾರ್ಗವಲ್ಲ. ತನ್ನ ಮುಂದೆ ನಿಂತ ಕಕ್ಷಿಗಾರನ ಮನಸ್ಸನ್ನು ನೋಡಬೇಕು ಎಂಬುದು ಆ ಸೂತ್ರದ ತಿರುಳು. ಪೀಠದ ಎತ್ತರದಿಂದ ಕಟಕಟೆಯನ್ನು ನೋಡುತ್ತಿದ್ದ ಕಣ್ಣನ್ನು ಕಟಕಟೆಯಲ್ಲಿಟ್ಟು ಪೀಠವನ್ನು ನೋಡುವಂತೆ ಮಾಡಿದ ಸೂತ್ರವಿದು. ಸ್ಮೃತಿಕಾರನಿಂದ ಇಲ್ಲಿಗೆ ಬರುವ ಹೊತ್ತಿಗೆ ದೃಷ್ಟಿಯ ದಿಕ್ಕೇ ತಿರುಗಿದೆ.

ಈ ಸೂತ್ರವು ಮುಂದೆಯೂ ಇತರರ ಮೇಲೆ ಬಿಗಿಯಾಗಿಯೇ ಪ್ರಯೋಗವಾಯಿತು. ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ. ಡಿ. ದಿನಕರನ್ ಅವರ ಮೇಲಿನ ಆಪಾದನೆಗಳನ್ನು ವಿಚಾರಿಸಲು ನೇಮಕವಾದ ಸಮಿತಿಯಲ್ಲಿ ಹಿರಿಯ ವಕೀಲ ಪಿ. ಪಿ. ರಾವ್ ಒಬ್ಬ ಸದಸ್ಯರಾಗಿದ್ದರು. ದಿನಕರನ್ ಅವರ ಬಡ್ತಿಯನ್ನು ವಿರೋಧಿಸಿ ರಾವ್ ಅವರು ಮೊದಲೇ ಸಭೆಯೊಂದರಲ್ಲಿ ಮಾತನಾಡಿದ್ದರು. ಯುಕ್ತವಾದ ಶಂಕೆಗೆ ಇದು ಸಾಕೆಂದು 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಕಂಡುಕೊಂಡಿತು. ಆಕ್ಷೇಪಣೆ ತಡವಾಯಿತೆಂದು ಅರ್ಜಿಯನ್ನು ವಜಾ ಮಾಡಿದರೂ, ಬೇರೊಬ್ಬ ನ್ಯಾಯವೇತ್ತರನ್ನು ಅವರ ಸ್ಥಾನದಲ್ಲಿ ನೇಮಿಸುವಂತೆ ಕೇಳಿಕೊಂಡಿತು. ಸಭೆಯಲ್ಲಿ ಆಡಿದ ಅಭಿಪ್ರಾಯವೂ ಅನರ್ಹತೆಗೆ ಕಾರಣವಾಗಬಲ್ಲದೆಂಬುದು ಇಲ್ಲಿಗೆ ಸ್ಥಿರವಾಯಿತು.

ಇನ್ನು ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲಿಗೇ ಬಂದ ಸಂದರ್ಭಗಳನ್ನು ನೋಡೋಣ. ನ್ಯಾಯಾಧೀಶರನ್ನು ನೇಮಿಸುವ ಅಧಿಕಾರವನ್ನು ಹಿರಿಯ ನ್ಯಾಯಮೂರ್ತಿಗಳ ಕೂಟದಿಂದ, ಎಂದರೆ ಕೊಲಿಜಿಯಮ್ಮಿನಿಂದ, ತೆಗೆದು ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗಕ್ಕೆ ವಹಿಸಿದ ಶಾಸನವನ್ನು 2015ರಲ್ಲಿ ಪ್ರಶ್ನಿಸಲಾಯಿತು. ಪೀಠದ ನಾಯಕರಾಗಿದ್ದ ನ್ಯಾಯಮೂರ್ತಿ ಅನಿಲ್ ದವೆ ಹೊಸ ಆಯೋಗದ ಪದನಿಮಿತ್ತ ಸದಸ್ಯರಾದ್ದರಿಂದ ಏಪ್ರಿಲ್ 15ರಂದು ಹಿಂದೆ ಸರಿದರು. ಅವರ ಸ್ಥಾನದಲ್ಲಿ ಪೀಠವನ್ನು ನಡೆಸಿದ ನ್ಯಾಯಮೂರ್ತಿ ಖೇಹರ್ ಆಗ ಕೊಲಿಜಿಯಮ್ಮಿನ ಸದಸ್ಯರಾಗಿದ್ದರು. ಆಯೋಗ ಉಳಿದರೆ ಕೊಲಿಜಿಯಮ್ಮಿನ ಅಧಿಕಾರ ಹೋಗುತ್ತದೆ. ಆದ್ದರಿಂದ ಅವರೂ ಕೂರಬಾರದೆಂಬ ಆಕ್ಷೇಪಣೆ ಬಂದಿತು. ಪೀಠ ಅದನ್ನು ಒಪ್ಪಲಿಲ್ಲ. ಕಾರಣಗಳು ಅಕ್ಟೋಬರ್ 16ರ ಮುಖ್ಯ ತೀರ್ಪಿನೊಂದಿಗೆ ಪ್ರಕಟವಾದುವು. ನ್ಯಾಯಮೂರ್ತಿ ತನ್ನಿಚ್ಛೆಯಿಂದ ಹಿಂದೆ ಸರಿಯಬಹುದು, ಅದು ಅವರ ಆಯ್ಕೆಗೆ ಬಿಟ್ಟದ್ದು. ಆದರೆ ಕಕ್ಷಿಗಾರ ಕೇಳಿದನೆಂದು, ಸಮರ್ಥನೆಯಿಲ್ಲದೆ, ಸರಿಯಕೂಡದು, ಸರಿದರೆ ಆಕ್ಷೇಪಣೆಗೆ ಹೆದರಿ ಓಡಿದರೆಂಬ ಭಾವನೆ ಉಂಟಾಗುತ್ತದೆ ಎಂಬುದು ಖೇಹರ್ ಅವರ ನಿಲುವಿನ ಸಾರಾಂಶ. ಕನ್ನಡದ ‘ಹಿಂದೆ ಸರಿ’ಯಲ್ಲಿ ಕೇಳಿಬರುವ ಧ್ವನಿಯೇ ಇಲ್ಲಿಯೂ ಕೇಳಿಬರುತ್ತದೆ.

ಈ ನಿಲುವು ಮೇಲುನೋಟಕ್ಕೆ ಧೀರವಾಗಿ ಕಾಣುತ್ತದೆ. ಆದರೆ ಅದರ ರಚನೆಯನ್ನು ಬಿಡಿಸಿ ನೋಡಿದರೆ ಒಂದು ವಕ್ರತೆ ಕಾಣಿಸುತ್ತದೆ. ನ್ಯಾಯಮೂರ್ತಿ ತಾನಾಗಿ ಸರಿದರೆ ಕಾರಣ ಬೇಡ. ಕಕ್ಷಿಗಾರ ಕೇಳಿದರೆ ಸಮರ್ಥನೆ ಬೇಕು. ಪೀಠದ ಕಡೆಯಿಂದ ಸ್ವಾತಂತ್ರ್ಯ, ಕಟಕಟೆಯ ಕಡೆಯಿಂದ ಹೊರೆ. 1987ರ ಸೂತ್ರವು ಯಾರ ಮನಸ್ಸನ್ನು ನೋಡಬೇಕೆಂದಿತ್ತೋ ಅವನ ಮಾತೇ ಇಲ್ಲಿ ಅನುಮಾನಕ್ಕೆ ಗುರಿಯಾಗುತ್ತದೆ. ಅಂತೂ ಖೇಹರ್ ಅವರ ವಾದದಲ್ಲಿ ಸತ್ತ್ವವಿಲ್ಲವೆಂದು ನಾನು ಹೇಳಲಾರೆ. ನೇಮಕಾತಿಯ ಈ ವಿವಾದದಲ್ಲಿ ಒಂದಲ್ಲ ಒಂದು ಬಗೆಯಲ್ಲಿ ಹಿತಾಸಕ್ತಿಯಿಲ್ಲದ ನ್ಯಾಯಮೂರ್ತಿ ಸಿಕ್ಕುವುದು ಕಷ್ಟ. ಎಲ್ಲರೂ ಸರಿದರೆ ಕೇಳುವವರೇ ಇರುವುದಿಲ್ಲ. ಅನಿವಾರ್ಯತೆಯೆಂಬ ಈ ತತ್ತ್ವ ಡೈಮ್ಸ್ ಮೊಕದ್ದಮೆಯಷ್ಟೇ ಹಳೆಯದು. ಅಲ್ಲಿಯೂ ಮೇಲ್ಮನವಿ ಮುಂದುವರಿಯಲು ಕಾಟನ್‌ಹ್ಯಾಮನ ಒಂದು ರುಜು ಬೇಕಾಗಿತ್ತು, ಬೇರೆ ಯಾರೂ ಹಾಕಲಾರದ್ದರಿಂದ ಅದನ್ನು ಮನ್ನಿಸಲಾಯಿತು. ಆದರೆ ಅನಿವಾರ್ಯವೆಂದು ಕೂರುವುದಕ್ಕೂ ಅರ್ಹನೆಂದು ಕೂರುವುದಕ್ಕೂ ಅಂತರವುಂಟು. ಮೊದಲನೆಯದು ಶಂಕೆಯನ್ನು ಒಪ್ಪಿಕೊಂಡು ದಾರಿಯಿಲ್ಲವೆನ್ನುತ್ತದೆ. ಎರಡನೆಯದು ಶಂಕೆಯೇ ಸಲ್ಲದೆನ್ನುತ್ತದೆ. ಈ ಎರಡನ್ನು ಬೆರೆಸಿದಾಗ ಕಕ್ಷಿಗಾರನಿಗೆ ತನ್ನ ಪ್ರಶ್ನೆಗೆ ಯಾವ ಉತ್ತರ ಬಂದಿತೆಂಬುದೇ ತಿಳಿಯುವುದಿಲ್ಲ. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಹಿಂದೆ ಸರಿಯುವವರು ಕಾರಣವನ್ನು ಸ್ಥೂಲವಾಗಿಯಾದರೂ ತಿಳಿಸಬೇಕೆಂದೂ, ನ್ಯಾಯಮೂರ್ತಿ ಲೋಕೂರ್ ಈ ವಿಷಯದಲ್ಲಿ ನಿಯಮಗಳನ್ನು ರಚಿಸುವ ಕಾಲ ಬಂದಿದೆಯೆಂದೂ ಬರೆದರು. ಆ ಎರಡು ಮಾತುಗಳು ಮುಖ್ಯ ತೀರ್ಪಿನ ಗದ್ದಲದಲ್ಲಿ ಮುಳುಗಿಹೋದುವು.

2019ರ ಪ್ರಸಂಗ ಇನ್ನೂ ಸೂಕ್ಷ್ಮವಾದದ್ದು. ಭೂಸ್ವಾಧೀನದ 2013ರ ಕಾಯಿದೆಯ 24ನೆಯ ವಿಧಿಯಂತೆ ಹಳೆಯ ಸ್ವಾಧೀನಗಳು ಯಾವಾಗ ರದ್ದಾಗುತ್ತವೆ ಎಂಬ ಬಗ್ಗೆ 2014ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಭೂಮಾಲೀಕರಿಗೆ ಅನುಕೂಲವಾಗಿ ಅರ್ಥ ಹೇಳಿತ್ತು. 2018ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಅರುಣ್ ಮಿಶ್ರಾ ಅವರ ನೇತೃತ್ವದ ಮತ್ತೊಂದು ಮೂವರ ಪೀಠ ಬಹುಮತದಿಂದ ಅದು ತಪ್ಪೆಂದಿತು. ಗೊಂದಲವನ್ನು ಬಗೆಹರಿಸಲು ಐವರ ಸಂವಿಧಾನ ಪೀಠ ರಚನೆಯಾದಾಗ ಅದರ ನಾಯಕರೂ ಮಿಶ್ರಾ ಅವರೇ ಆದರು. ರೈತ ಸಂಘಗಳ ಪರ ಆಕ್ಷೇಪಣೆ ಬಂದಿತು. ಅಕ್ಟೋಬರ್ 23ರಂದು ಪೀಠ ಅದನ್ನು ತಳ್ಳಿಹಾಕಿತು. 2020ರ ಮಾರ್ಚ್ 6ರಂದು 2014ರ ತೀರ್ಪು ರದ್ದಾಯಿತು.

ಇಲ್ಲಿ ನ್ಯಾಯವಾಗಿ ಮಾತನಾಡಬೇಕಾದರೆ ಪೀಠದ ಪಕ್ಷವನ್ನೂ ಹೇಳಬೇಕು. ಕಾನೂನಿನ ವಿಷಯದಲ್ಲಿ ಒಂದು ಅಭಿಪ್ರಾಯವನ್ನು ತಳೆದವನು ಪಕ್ಷಪಾತಿಯಲ್ಲ. ಅಭಿಪ್ರಾಯವೇ ಇಲ್ಲದ ನ್ಯಾಯಮೂರ್ತಿ ನಮಗೆ ಬೇಕಾಗಿಯೂ ಇಲ್ಲ. ಹಿಂದೆ ಒಂದು ಅರ್ಥ ಹೇಳಿದವರೇ ದೊಡ್ಡ ಪೀಠದಲ್ಲಿ ಕುಳಿತ ನಿದರ್ಶನಗಳು ಹಲವಿವೆ. ಮಿಶ್ರಾ ಅವರ ಆದೇಶ ಅವುಗಳನ್ನು ಎಣಿಸಿಯೂ ತೋರಿಸುತ್ತದೆ. ಸರ್ವೋಚ್ಚ ನ್ಯಾಯಾಲಯದ ನಿಯಮಗಳೇ ಪುನರ್ವಿಮರ್ಶೆಯ ಅರ್ಜಿಯನ್ನು ಸಾಧ್ಯವಾದ ಮಟ್ಟಿಗೆ ಮೂಲ ತೀರ್ಪಿತ್ತವರ ಮುಂದೆಯೇ ಇಡಬೇಕೆನ್ನುತ್ತವೆ. ತಮಗೆ ಬೇಡವಾದ ನ್ಯಾಯಮೂರ್ತಿಯನ್ನು ದಾಟಿ ಬೇಕಾದವರನ್ನು ಹುಡುಕುವ ಕಕ್ಷಿಗಾರರೂ ವಕೀಲರೂ ಇಲ್ಲದಿಲ್ಲ. ಆ ಚಾಳಿಗೆ ಮಣಿದರೆ ಸಣ್ಣವರಿಗಲ್ಲ, ದೊಡ್ಡ ದೊಡ್ಡ ವಕೀಲರನ್ನಿಡಬಲ್ಲ ದುಡ್ಡುಳ್ಳವರಿಗೆ ಲಾಭ.

ಇಷ್ಟನ್ನೂ ಒಪ್ಪಿದ ಮೇಲೆ ಉಳಿಯುವ ಪ್ರಶ್ನೆಯೆಂದರೆ, ಭೂಮಿ ಕಳೆದುಕೊಂಡ ರೈತನ ಮನಸ್ಸನ್ನು ಆದೇಶ ನೋಡಿತೆ? ಆದೇಶದ ಒತ್ತೆಲ್ಲ ಆಕ್ಷೇಪಣೆಯ ಅಪಾಯದ ಮೇಲೆ, ಒಪ್ಪಿದರೆ ಬೀಳುವ ಕೆಟ್ಟ ಮೇಲ್ಪಂಕ್ತಿಯ ಮೇಲೆ. ರೈತ ಕೇಳಿದ್ದು ಬೇರೆ. ಮಿಶ್ರಾ ಅವರಿಗೆ ಒಂದು ಅಭಿಪ್ರಾಯವಿತ್ತೆಂಬುದಲ್ಲ ಅವನ ದೂರು. ಐವರ ಮುಂದೆ ಇದ್ದದ್ದು ಎರಡು ತೀರ್ಪುಗಳಲ್ಲಿ ಯಾವುದು ಸರಿಯೆಂಬ ಪ್ರಶ್ನೆ, ಮತ್ತು ಅವುಗಳಲ್ಲಿ ಒಂದನ್ನು ಬರೆದವರು ಪೀಠದ ನಾಯಕರಾಗಿದ್ದರು, ಇನ್ನೊಂದನ್ನು ಬರೆದವರಲ್ಲಿ ಯಾರೂ ಪೀಠದಲ್ಲಿರಲಿಲ್ಲ. ಅಭಿಪ್ರಾಯವಿರುವುದಕ್ಕೂ ತನ್ನ ಬರವಣಿಗೆಯ ಸರಿತಪ್ಪನ್ನು ತಾನೇ ತೂಗುವುದಕ್ಕೂ ಇರುವ ಭೇದ ಆದೇಶದಲ್ಲಿ ತೆಳ್ಳಗಾಗಿದೆ. ಸಭೆಯಲ್ಲಿ ಆಡಿದ ಮಾತಿಗಾಗಿ ಪಿ. ಪಿ. ರಾವ್ ಅವರ ಬದಲಿಗೆ ಬೇರೊಬ್ಬರನ್ನು ನೇಮಿಸಬೇಕೆಂದ ನ್ಯಾಯಾಲಯ, ತೀರ್ಪಿನಲ್ಲಿಯೇ ಬರೆದ ಮಾತನ್ನು ಬೇರೆ ಮಾನದಿಂದ ಅಳೆಯುವುದಾದರೆ ಅದಕ್ಕೆ ಕಾರಣವನ್ನಾದರೂ ಬಿಡಿಸಿ ಹೇಳಬೇಕಾಗಿತ್ತು. ವಾಸ್ತವವಾಗಿ ಅಂಥ ಕಾರಣ ಇರಬಹುದು: ರಾವ್ ಅವರು ಮಾತನಾಡಿದ್ದು ಒಬ್ಬ ವ್ಯಕ್ತಿಯ ಬಗೆಗೆ, ಮಿಶ್ರಾ ಅವರು ಬರೆದದ್ದು ಒಂದು ವಿಧಿಯ ಬಗೆಗೆ. ಹಾಗೆಂದು ನೇರವಾಗಿ ಹೇಳಿದ್ದರೆ ನಾನೂ ಬಹುಮಟ್ಟಿಗೆ ಒಪ್ಪುತ್ತಿದ್ದೆ.

ಕುಳಿತುಕೊಳ್ಳುವುದರಲ್ಲಿ ಹೀಗಾದರೆ ಏಳುವುದರಲ್ಲಿ ಮತ್ತೊಂದು ಬಗೆಯ ದೋಷವಿದೆ. ಅದು ಮೌನದ ದೋಷ. 2019ರ ಸೆಪ್ಟೆಂಬರ್ 30ರಿಂದ ಅಕ್ಟೋಬರ್ 3ರವರೆಗಿನ ನಾಲ್ಕು ದಿನಗಳಲ್ಲಿ ಗೌತಮ್ ನವಲಖಾ ಅವರ ಅರ್ಜಿಯಿಂದ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳು ಒಬ್ಬರ ಹಿಂದೊಬ್ಬರಂತೆ ಸರಿದರು. ಬಂಧನದಿಂದ ಅವರಿಗೆ ದೊರೆತಿದ್ದ ರಕ್ಷಣೆಯ ಗಡುವು ಅದೇ ವಾರ ತೀರುವುದಿತ್ತು. ಕಾರಣವನ್ನು ಯಾರೂ ಹೇಳಲಿಲ್ಲ. ಐವರಿಗೂ ಬೇರೆಬೇರೆಯಾದ ಸಾಧುವಾದ ಕಾರಣಗಳಿದ್ದಿರಬಹುದು. ಯಾರಾದರೊಬ್ಬರು ಹಿಂದೆ ಎಂದೋ ಎದುರು ಪಕ್ಷದ ವಕೀಲರಾಗಿದ್ದಿರಬಹುದು. ಆದರೆ ಕಾರಣ ತಿಳಿಯದಿದ್ದಾಗ ಜನ ಊಹಿಸುತ್ತಾರೆ, ಮತ್ತು ಜನರ ಊಹೆ ಸಾಧಾರಣವಾಗಿ ಸತ್ಯಕ್ಕಿಂತ ಕೆಟ್ಟದ್ದಾಗಿರುತ್ತದೆ. ಶಂಕೆಯನ್ನು ನಿವಾರಿಸಲು ಹುಟ್ಟಿದ ಕ್ರಮವೇ ಶಂಕೆಯನ್ನು ಬಿತ್ತುವಂತಾಯಿತು.

ಕಾರಣ ಹೇಳಿ ಸರಿದ ಒಂದು ಉದಾಹರಣೆ ನಮ್ಮ ರಾಜ್ಯಕ್ಕೆ ನೇರವಾಗಿ ಸಂಬಂಧಪಟ್ಟದ್ದು. 2022ರ ಜನವರಿಯಲ್ಲಿ ಕೃಷ್ಣಾ ಜಲವಿವಾದದ ಅರ್ಜಿಗಳು ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಎ. ಎಸ್. ಬೋಪಣ್ಣ ಅವರ ಮುಂದೆ ಬಂದುವು. ಒಬ್ಬರು ಮಹಾರಾಷ್ಟ್ರದವರು, ಮತ್ತೊಬ್ಬರು ಕರ್ನಾಟಕದವರು. ತಾವು ಆ ರಾಜ್ಯಗಳಿಗೆ ಸೇರಿದವರಾದ್ದರಿಂದ ನಿಂದೆಗೆ ಗುರಿಯಾಗಲು ಇಷ್ಟಪಡುವುದಿಲ್ಲವೆಂಬ ಭಾವದ ಮಾತುಗಳನ್ನಾಡಿ ಇಬ್ಬರೂ ಹಿಂದೆ ಸರಿದರು. ಬಹಿರಂಗವಾಗಿ ಕಾರಣ ಹೇಳಿದ್ದು ಶ್ಲಾಘ್ಯ. ಆದರೆ ಹೇಳಿದ ಕಾರಣ ಸರಿಯೆ? ಮೇಲ್ದಂಡೆಯ ಎರಡು ರಾಜ್ಯಗಳ ನ್ಯಾಯಮೂರ್ತಿಗಳು ಒಂದೇ ಪೀಠದಲ್ಲಿ ಕುಳಿತದ್ದನ್ನು ನೋಡಿ ತೆಲಂಗಾಣದ ಕೆಳದಂಡೆಯ ರೈತನೊಬ್ಬನ ಎದೆ ಅಳುಕಿದ್ದರೆ ಆಶ್ಚರ್ಯವಿಲ್ಲ. ಕಕ್ಷಿಗಾರನ ಮನಸ್ಸನ್ನು ನೋಡಬೇಕೆಂಬ ಸೂತ್ರವನ್ನು ಹಿಡಿದರೆ ಅವನ ಅಳುಕನ್ನೂ ನೋಡಲೇಬೇಕು. ನಾನು ಇದನ್ನು ಬಹಳ ಯೋಚಿಸಿದ್ದೇನೆ. ಆ ಸೂತ್ರ ಕೇಳುವುದು ಯುಕ್ತವಾದ ಶಂಕೆಯನ್ನು, ಬರಿಯ ಅಳುಕನ್ನಲ್ಲ. 2011ರ ಜನಗಣತಿಯಂತೆ ಆರು ಕೋಟಿಗೂ ಮೀರಿದ ಜನರೊಡನೆ ಹಂಚಿಕೊಂಡ ಹುಟ್ಟುನೆಲ ಹಿತಾಸಕ್ತಿಯಲ್ಲ. ಆಯಾ ನ್ಯಾಯಮೂರ್ತಿಗೆ ಆ ನದಿಯ ನೀರಾವರಿಯಲ್ಲಿ ಜಮೀನಿದ್ದರೆ, ಹಿಂದೆ ರಾಜ್ಯದ ಪರವಾಗಿ ಅದೇ ವಿವಾದದಲ್ಲಿ ವಾದಿಸಿದ್ದರೆ, ಮಾತು ಬೇರೆ. ಜನ್ಮರಾಜ್ಯವೇ ಸಾಕಾದರೆ ಒಕ್ಕೂಟದ ನ್ಯಾಯಾಲಯದಲ್ಲಿ ರಾಜ್ಯಗಳ ವ್ಯಾಜ್ಯ ಬಂದಾಗಲೆಲ್ಲ ಪೀಠವನ್ನು ಭೂಪಟ ನೋಡಿ ಕಟ್ಟಬೇಕಾಗುತ್ತದೆ. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1999ರ ಲೋಕಾಬೈಲ್ ಮೊಕದ್ದಮೆಯಲ್ಲಿ ಮತ, ಜನಾಂಗ, ರಾಷ್ಟ್ರೀಯ ಮೂಲ, ಲಿಂಗ, ವಯಸ್ಸು ಮುಂತಾದುವು ಆಕ್ಷೇಪಣೆಗೆ ಆಧಾರವಾಗಲಾರವೆಂದು ಹೇಳಿದ್ದು ಇದೇ ಕಾರಣದಿಂದ. ನಿಂದೆಯನ್ನು ತಪ್ಪಿಸಿಕೊಳ್ಳಲು ಏಳುವುದು ಖೇಹರ್ ಅವರು ಎಚ್ಚರಿಸಿದ ದೋಷವೇ. ಆ ಎಚ್ಚರಿಕೆ ಸಲ್ಲಬೇಕಾದ ಜಾಗ ಇದಾಗಿತ್ತು.

ಹಾಗಾದರೆ ತೀರ್ಮಾನಿಸುವವರು ಯಾರು? ಕೆಳಗಿನ ನ್ಯಾಯಾಲಯಗಳಿಗೆ ಉತ್ತರ ಸುಲಭ. ಸ್ವಂತ ಹಿತಾಸಕ್ತಿಯಿರುವ ಮೊಕದ್ದಮೆಯನ್ನು ಮೇಲಿನ ನ್ಯಾಯಾಲಯದ ಅನುಮತಿಯಿಲ್ಲದೆ ವಿಚಾರಿಸಕೂಡದೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 479ನೆಯ ವಿಧಿ ಮ್ಯಾಜಿಸ್ಟ್ರೇಟರನ್ನೂ ನ್ಯಾಯಾಧೀಶರನ್ನೂ ಕಟ್ಟಿಹಾಕಿತ್ತು. ವ್ಯಾಜ್ಯವನ್ನು ವರ್ಗಾಯಿಸಿಕೊಡಿರೆಂದು ಕೇಳಲು ಮೇಲೊಂದು ಬಾಗಿಲಿದೆ. ತುತ್ತತುದಿಯ ನ್ಯಾಯಾಲಯಕ್ಕೆ ಮೇಲಿಲ್ಲ. ಅದಕ್ಕಿರುವುದು 1997ರಲ್ಲಿ ನ್ಯಾಯಮೂರ್ತಿಗಳೇ ಒಪ್ಪಿಕೊಂಡ ನ್ಯಾಯಾಂಗ ಜೀವನದ ಮೌಲ್ಯಗಳ ಪುನರುಕ್ತಿ. ಬಂಧುಮಿತ್ರರ ವ್ಯಾಜ್ಯವನ್ನು ಕೇಳಬಾರದು, ಷೇರುಳ್ಳ ಕಂಪನಿಯ ವ್ಯಾಜ್ಯವಾದರೆ ಮೊದಲು ತಿಳಿಸಿ ಆಕ್ಷೇಪಣೆಯಿಲ್ಲದಿದ್ದರೆ ಮಾತ್ರ ಕೇಳಬೇಕು ಎಂಬಿಷ್ಟೇ ಅದರಲ್ಲಿ ಈ ವಿಷಯಕ್ಕೆ ಸಂಬಂಧಪಟ್ಟ ಮಾತುಗಳು. ಮೀರಿದರೆ ಏನೆಂಬ ಮಾತಿಲ್ಲ. ಆಕ್ಷೇಪಣೆಯನ್ನು ಆಯಾ ನ್ಯಾಯಮೂರ್ತಿಯೇ ನಿರ್ಣಯಿಸುತ್ತಾರೆ. ಯಾರೂ ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧಿಪತಿಯಾಗಬಾರದೆಂಬ ನಿಯಮವನ್ನು ಅನ್ವಯಿಸುವ ಘಳಿಗೆಯಲ್ಲಿಯೇ ಆ ನಿಯಮ ಮುರಿಯುತ್ತದೆ.

ಇಲ್ಲಿ ಮಾಣಕ್ ಲಾಲ್ ತೀರ್ಪಿನ ಎರಡನೆಯ ಭಾಗಕ್ಕೆ ಮರಳಬೇಕು. ಕೂಡಲೇ ಆಕ್ಷೇಪಿಸದವನು ಹಕ್ಕನ್ನು ಕಳೆದುಕೊಳ್ಳುತ್ತಾನೆಂಬುದು ನಿಯಮ. ಫಲಿತಾಂಶ ನೋಡಿಕೊಂಡು ಆಕ್ಷೇಪಿಸುವ ಜಾಣತನವನ್ನು ತಡೆಯುವುದಕ್ಕೆ ಅದು ಬೇಕು, ನಿಜ. ಆದರೆ ಆಕ್ಷೇಪಣೆಯನ್ನು ಬಾಯಿಬಿಟ್ಟು ಹೇಳಬೇಕಾದವನು ವಕೀಲ. ಅದೇ ನ್ಯಾಯಮೂರ್ತಿಯ ಮುಂದೆ ನಾಳೆ ಮತ್ತೊಬ್ಬ ಕಕ್ಷಿಗಾರನಿಗಾಗಿ ಕೈಮುಗಿದು ನಿಲ್ಲಬೇಕಾದವನೂ ಅವನೇ. ಹಿರಿಯರಿಗೆ ಆ ಧೈರ್ಯ ಇರಬಹುದು. ತಾಲ್ಲೂಕಿನ ಕಿರಿಯ ವಕೀಲ ನ್ಯಾಯಾಧೀಶರ ಮುಖ ನೋಡಿ ‘ತಾವು ಇದನ್ನು ಕೇಳಬಾರದು ಸ್ವಾಮಿ’ ಎನ್ನುವುದೆಂದರೆ ಹುಡುಗಾಟವಲ್ಲ. ಆದ್ದರಿಂದ ಹಕ್ಕು ಬಿಟ್ಟುಕೊಟ್ಟನೆಂದು ಹೇಳುವ ಮುನ್ನ, ಪೀಠ ತನಗೆ ಗೊತ್ತಿದ್ದುದನ್ನು ಮೊದಲು ತಾನೇ ತಿಳಿಸಿತ್ತೆ ಎಂದು ಕೇಳಬೇಕು. ತಿಳಿಸುವ ಭಾರ ಪೀಠದ್ದು. ಬಿಟ್ಟುಕೊಡುವ ಮಾತು ಆಮೇಲಿನದು.

ಬೇರೆ ದೇಶಗಳಲ್ಲಿಯೂ ತುದಿಯ ನ್ಯಾಯಾಲಯ ಈ ತೊಡಕನ್ನು ಪೂರ್ತಿಯಾಗಿ ಬಿಡಿಸಿಲ್ಲ. ಚಿಲಿಯ ಪಿನೊಶೆ ಮೊಕದ್ದಮೆಯಲ್ಲಿ 1998ರ ನವೆಂಬರ್ 25ರಂದು ಮೂವರು ಒಂದು ಕಡೆ, ಇಬ್ಬರು ಒಂದು ಕಡೆಯಾಗಿ ತೀರ್ಪು ಬಂದಿತು. ಬಹುಮತದಲ್ಲಿದ್ದ ಲಾರ್ಡ್ ಹಾಫ್‌ಮನ್, ಆ ವ್ಯಾಜ್ಯದಲ್ಲಿ ಸೇರಿಕೊಂಡಿದ್ದ ಆಮ್ನೆಸ್ಟಿಗೆ ಸಂಬಂಧಿಸಿದ ಧರ್ಮಾರ್ಥ ಸಂಸ್ಥೆಯ ನಿರ್ದೇಶಕರೆಂದು ತಿಳಿದುಬಂದಾಗ, ಅವರ ಸಹೋದ್ಯೋಗಿ ಲಾರ್ಡ್‌ಗಳೇ ಡಿಸೆಂಬರಿನಲ್ಲಿ ಆ ತೀರ್ಪನ್ನು ತೊಡೆದುಹಾಕಿ ಏಳು ಮಂದಿಯ ಮುಂದೆ ಮತ್ತೆ ವಿಚಾರಣೆ ನಡೆಸಿದರು. ತಮ್ಮವರನ್ನೇ ತಿದ್ದುವ ಆ ಕಸುವು ನಮ್ಮಲ್ಲಿ ಇನ್ನೂ ಪರೀಕ್ಷೆಗೆ ಬಂದಿಲ್ಲ. ಎಲ್ಲರೂ ಎದ್ದರೆ ಪೀಠ ಬರಿದಾಗುತ್ತದೆಂಬ ಭಯಕ್ಕೆ ಟೆಕ್ಸಾಸಿನ ಒಂದು ಸ್ವಾರಸ್ಯವಾದ ಪ್ರಸಂಗವನ್ನು ನೆನೆಯಬಹುದು. ಅಲ್ಲಿಯ ಉನ್ನತ ನ್ಯಾಯಾಲಯದ ಮೂವರೂ ಒಂದು ಸೋದರ ಸಂಘದ ಸದಸ್ಯರಾಗಿದ್ದು, 1924ರಲ್ಲಿ ಆ ಸಂಘದ ವ್ಯಾಜ್ಯ ಬಂದಾಗ ಮೂವರೂ ಎದ್ದರು. ಆ ಸಂಘಕ್ಕೆ ಸೇರಿದವರನ್ನು ಬಿಟ್ಟು ಯಾರನ್ನು ತರುವುದೆಂಬ ತೊಡಕಿಗೆ ರಾಜ್ಯಪಾಲ ನೆಫ್ ಕಂಡುಕೊಂಡ ಪರಿಹಾರವೆಂದರೆ ಮೂವರು ಮಹಿಳಾ ವಕೀಲರನ್ನು ಆ ಒಂದು ವ್ಯಾಜ್ಯಕ್ಕೆ ನ್ಯಾಯಾಧೀಶರನ್ನಾಗಿ ನೇಮಿಸಿದ್ದು. ಅನಿವಾರ್ಯವೆಂದು ಹೇಳುವ ಮುನ್ನ ಎಷ್ಟು ದೂರ ಹುಡುಕಬಹುದೆಂಬುದಕ್ಕೆ ಇದು ಸಾಕ್ಷಿ.

ಆದರೆ ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಅಮೆರಿಕದ 1972ರ ಒಂದು ನಿದರ್ಶನ, ಏಕೆಂದರೆ ಅದು ತಪ್ಪಿನಿಂದ ಒಳ್ಳೆಯದಾದ ನಿದರ್ಶನ. ಸೈನ್ಯವು ನಾಗರಿಕರ ಮೇಲೆ ಬೇಹು ನಡೆಸಿದ ವಿಷಯದ ಲೇರ್ಡ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಅವರ ಮತದಿಂದ ಐದಕ್ಕೆ ನಾಲ್ಕರಂತೆ ಸರಕಾರ ಗೆದ್ದಿತು. ನ್ಯಾಯ ಇಲಾಖೆಯಲ್ಲಿದ್ದಾಗ ಅವರು ಅದೇ ವಿಷಯದಲ್ಲಿ ಸೆನೆಟ್ಟಿನ ಉಪಸಮಿತಿಯ ಮುಂದೆ ಇಲಾಖೆಯ ಪರವಾಗಿ ಸಾಕ್ಷ್ಯ ನುಡಿದಿದ್ದರು. ಸರಿಯಬೇಕಾಗಿತ್ತೆಂಬ ಅರ್ಜಿ ಬಂದಾಗ ಅವರು ನಿರಾಕರಿಸಿದರು. ಆದರೆ ಏಕೆ ನಿರಾಕರಿಸುತ್ತೇನೆಂದು ವಿಸ್ತಾರವಾಗಿ ಬರೆದರು. ಬರೆದದ್ದರಿಂದ ಓದಿದವರಿಗೆ ಕಾನೂನಿನ ಬಿರುಕು ಕಂಡಿತು. 1974ರಲ್ಲಿ ಕಾಂಗ್ರೆಸ್ ಕಾಯಿದೆಯನ್ನು ತಿದ್ದಿ, ನ್ಯಾಯಮೂರ್ತಿಯ ನಿಷ್ಪಕ್ಷಪಾತವನ್ನು ಯುಕ್ತವಾಗಿ ಪ್ರಶ್ನಿಸಬಹುದಾದಲ್ಲೆಲ್ಲ ಸರಿಯಬೇಕೆಂದು ವಿಧಿಸಿತು. ತುದಿಯ ನ್ಯಾಯಾಲಯದಲ್ಲಿ ಆ ವಿಧಿಯನ್ನು ಅನ್ವಯಿಸುವವರು ಇಂದಿಗೂ ಆಯಾ ನ್ಯಾಯಮೂರ್ತಿಗಳೇ. ಆ ಕೊರತೆ ಅಲ್ಲಿಯೂ ಉಳಿದಿದೆ. ಆದರೂ ಬರೆದ ಕಾರಣ, ಕೆಟ್ಟದ್ದಾದರೂ, ಖಂಡನೆಗೆ ಸಿಕ್ಕುತ್ತದೆ. ಬರೆಯದ ಕಾರಣ ಒಳ್ಳೆಯದಾದರೂ ಯಾರ ಉಪಯೋಗಕ್ಕೂ ಬರುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ನಮಗೆ ಮೊದಲು ಬೇಕಾದದ್ದು ಇಷ್ಟು: ಎದ್ದವರೂ ಕುಳಿತವರೂ ನಾಲ್ಕು ಸಾಲು ಕಾರಣ ಬರೆಯಲಿ, ಆಕ್ಷೇಪಣೆ ಬಂದಾಗ, ಆಕ್ಷೇಪಿತರನ್ನು ಬಿಟ್ಟು ಪೀಠದ ಉಳಿದವರು, ಒಬ್ಬರೇ ಕುಳಿತಿದ್ದರೆ ಬೇರೊಬ್ಬರು, ಅದನ್ನು ನಿರ್ಣಯಿಸಲಿ. ಸಹೋದ್ಯೋಗಿಯ ಮನಸ್ಸನ್ನು ನೋಯಿಸುವ ಸಂಕೋಚ ಅಡ್ಡಬರುತ್ತದೆಂಬ ಲೋಕೂರ್ ಅವರ ಬಗೆಯ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಹಾಗಿದ್ದರೂ ಸಂಕೋಚದಿಂದ ತಪ್ಪುವವರು ತನ್ನ ವಿಷಯದಲ್ಲಿ ತಾನೇ ತಪ್ಪುವವರಿಗಿಂತ ಕಡಮೆ. ರಂಜಿತ್ ಠಾಕೂರನ ವಿಷಯದಲ್ಲಿ ಯಾವ ಕಣ್ಣಿನಿಂದ ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯ ಸೈನ್ಯಕ್ಕೆ ಹೇಳಿತೋ ಆ ಕಣ್ಣು ಪೀಠದಲ್ಲಿ ಆಕ್ಷೇಪಿತನಾಗಿ ಕುಳಿತವನಿಗೆ ತಾನಾಗಿ ದೊರೆಯಲಾರದು.

ಸದ್ಯಕ್ಕೆ ನಮ್ಮ ತರಗತಿಗಳಲ್ಲಿ ಮೊಕದ್ದಮೆಗಳ ಆದೇಶದ ಹಾಳೆಗಳನ್ನು ಓದುವ ವಿದ್ಯಾರ್ಥಿ ನಡುವೆ ಒಂದು ಸಾಲನ್ನು ಕಾಣುತ್ತಾನೆ: ‘ನಮ್ಮಲ್ಲಿ ಒಬ್ಬರು ಸದಸ್ಯರಾಗಿರದ ಪೀಠದ ಮುಂದೆ ಇಡುವುದು.’ ಅದರ ಕೆಳಗೆ ತಾರೀಖು ಇರುತ್ತದೆ, ಸಹಿ ಇರುತ್ತದೆ. ಏಕೆ ಸ್ವಾಮಿ ಎಂದು ಅವನು ಅಧ್ಯಾಪಕನನ್ನು ಕೇಳಿದರೆ, ಹಾಳೆಯನ್ನು ಹಿಂದುಮುಂದು ತಿರುವಿಹಾಕಿ ನೋಡುವುದನ್ನು ಬಿಟ್ಟು ಅಧ್ಯಾಪಕನಿಗೆ ಬೇರೆ ದಾರಿಯಿಲ್ಲ.